ಕೊಂಡವಾಡದ ಕಾಶಿರಾಮ

ಬೆಳೆ ಮೇಯ್ದ ದನಗಳನ್ನು ಹಿಡಿದು ಕೂಡಿಹಾಕುವ ಮೋರಖಂಡಿಯ ಕೊಂಡವಾಡಕ್ಕೆ ಒಂದೇ ಬಾಗಿಲು, ಒಂದೇ ಕೀಲಿ. ಆ ಕೀಲಿ ಬಹಳ ವರ್ಷಗಳಿಂದ ಕಾಶಿರಾಮನ ಉಡಿದಾರಕ್ಕೆ ಜೋತುಬಿದ್ದಿದೆ. ಒಡೆಯ ದಂಡ ಕಟ್ಟಿ ಚೀಟಿ ತಂದರೆ ಅವನು ಬಾಗಿಲು ತೆಗೆಯುತ್ತಾನೆ. ಚೀಟಿ ಇಲ್ಲದೆ ಸ್ವಂತ ತಮ್ಮನ ಎತ್ತನ್ನೂ ಬಿಟ್ಟವನಲ್ಲ.

ಅವನ ಅಳಿಯ ಧರ್ಮೇಂದ್ರ ಹುಮನಾಬಾದಿನ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಆ ಅನುಭವದ ಮೇಲೆ ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಸಿಕ್ಕಿತ್ತು. ಈ ಮಳೆಗಾಲದಲ್ಲಿ ಹಡಗಿನ ಎಂಜಿನ್ ದಕ್ಷಿಣ ಚೀನಾ ಸಮುದ್ರದಲ್ಲಿ ಕೆಟ್ಟಿತು. ಲಂಗರು ಹಾಕಿದ ಜಾಗವನ್ನು ಎರಡು ದೇಶಗಳು ತಮ್ಮದೆನ್ನುತ್ತಿದ್ದವು. ಒಂದು ದೇಶದ ಕಾವಲು ಪಡೆ ಬಂದು, ಅಪ್ಪಣೆಯಿಲ್ಲದೆ ನಮ್ಮ ನೀರಿಗೆ ಬಂದಿರಿ ಎಂದು ಹಡಗನ್ನು ಅಲ್ಲಿಯೇ ತಡೆದು ನಿಲ್ಲಿಸಿತು. ಸುದ್ದಿ ತಿಳಿದ ದಿನವೇ ಮಗಳು ಮನಿಷಾ ಬಸ್ಸು ಹತ್ತಿ ತವರಿಗೆ ಬಂದಳು.

"ಏನ್ ಕಾಕಾ, ಅಳಿಯಾನ್ನ ಕೊಂಡವಾಡಕ್ಕ ಹಾಕ್ಯಾರಂತ" ಎಂದ ಚಹಾದಂಗಡಿಯ ಗೌಸ. "ನಿಮ್ಮ ಕೀಲಿ ಅಲ್ಲಿ ಹತ್ತತದೇನ್ ನೋಡ್ರಿ."

ಕಾಶಿರಾಮನೂ ನಕ್ಕ. "ದಂಡ ಕಟ್ಟಿದ್ರ ಬಿಡ್ತಾರ ತಗೋ."

ಹಾಗೆಂದೇ ಅವನು ನಂಬಿದ್ದ. ಮರುದಿನ ಮುಂಬೈಯಿಂದ ಹಡಗಿನ ಏಜೆಂಟ್ ಫೋನಿನಲ್ಲಿ ವಿವರಿಸಿದ: ದಂಡ ಕಟ್ಟಿದರೆ ಆ ನೀರು ಹಡಗು ತಡೆದ ದೇಶದ್ದೆಂದು ಒಪ್ಪಿಕೊಂಡಂತೆ. ಒಪ್ಪಿಕೊಂಡ ಕಂಪನಿಯ ಹಡಗುಗಳನ್ನು ಇನ್ನೊಂದು ದೇಶ ತನ್ನ ಬಂದರಿಗೆ ಸೇರಿಸುವುದಿಲ್ಲ. ಆದ್ದರಿಂದ ಕಂಪನಿ ದಂಡ ಕಟ್ಟುವುದಿಲ್ಲ.

ಕಾಶಿರಾಮ ಕಟ್ಟೆಯ ಮೇಲೆ ಕುಳಿತುಬಿಟ್ಟ. ಇದು ಅವನಿಗೆ ಗೊತ್ತಿದ್ದ ಸಂಗತಿ. ಹಿಂದೊಮ್ಮೆ ಇದೇ ಊರಿನ ರುಕ್ಮಿಣಿಬಾಯಿಯ ಎಮ್ಮೆ ಎರಡು ಊರುಗಳು ಜಗಳಾಡುತ್ತಿದ್ದ ಗಡಿಯ ಹೊಲದಲ್ಲಿ ಮೇಯ್ದು ಸಿಕ್ಕಿಬಿದ್ದಿತ್ತು. ಇಲ್ಲಿ ದಂಡ ಕಟ್ಟಿದರೆ ಹೊಲ ಮೋರಖಂಡಿಯದೆಂದು ಒಪ್ಪಿದಂತೆ. ಆಗ ಪಕ್ಕದ ಊರಿನವರು ತಮ್ಮ ಊರ ಮೇಲೆ ಹಾಯುವ ಅವಳ ಸ್ವಂತ ಹೊಲದ ದಾರಿ ಮುಚ್ಚುತ್ತಿದ್ದರು. ಅವಳು ದಂಡ ಕಟ್ಟಲಿಲ್ಲ. ದಿನವೂ ಬಂದು ಬಾಗಿಲ ಮುಂದೆ ನಿಂತು, "ಕೀಲಿ ನಿನ್ನ ನಡದಾಗ ಅದ ಕಾಶಿರಾಮ, ತೆಗಿಯಪ್ಪಾ" ಎಂದು ಕೈಮುಗಿಯುತ್ತಿದ್ದಳು.

ಕೀಲಿ ಅವನ ನಡದಲ್ಲೇ ಇತ್ತು.

ಸಂಜೆ ಧರ್ಮೇಂದ್ರನ ಫೋನು ಬಂತು. ಧ್ವನಿ ತುಂಡು ತುಂಡಾಗಿತ್ತು. ಮನಿಷಾ ಮಾತಾಡಿದ ಮೇಲೆ ಕಾಶಿರಾಮ ಕೇಳಿದ್ದು ಒಂದೇ: "ಕುಡಿಯಾಕ ನೀರ್ ಕೊಡಾಕತ್ತಾರೇನಪ್ಪಾ?"

"ಅವ್ರು ಕೊಡಂಗಿಲ್ರಿ ಮಾವಾ. ಟಾಕಿ ತಳಾ ಮುಟ್ಟೇದ. ಮಳಿ ಬಂದ್ರ ತಾಡಪತ್ರಿ ಹಾಸಿ ಹಿಡ್ಕೋತೇವಿ."

"ಮಳಿ ಅದ ಏನ್ ಅಲ್ಲಿ?"

ಉತ್ತರ ಬರುವ ಮೊದಲೇ ಫೋನು ಕಡಿದುಹೋಯಿತು.

ಮನಿಷಾ ಫೋನು ಇಸಿದುಕೊಂಡು ಕೆಳಗಿಟ್ಟಳು. "ಅಪ್ಪಾ, ಅಲ್ಲಿ ಕಾವಲಿಗಿ ನಿಂತಾಂವನೂ ಮನಿಷ್ಯಾನೇ ಅಲ್ಲೇನು? ಇವ್ರು ಕೈಮುಗದು ಕೇಳ್ಕೊಂಡ್ರ ಬಿಡಂಗಿಲ್ಲೇನು?"

ಕಾಶಿರಾಮ ಅವಳ ಮುಖ ನೋಡಲಿಲ್ಲ. "ಕೇಳ್ಲಿ ಅವ್ವಾ" ಎಂದ.

"ರುಕ್ಮಿಣಿಬಾಯಿ ಎಮ್ಮಿ ಕಡೀಕ ಬಿಟ್ರಲ್ಲ?"

ಎಮ್ಮೆಗೆ ಅವನು ದಿನವೂ ತನ್ನ ಮನೆಯಿಂದ ನೀರು ಹೊತ್ತು ಕುಡಿಸಿದ್ದ. ಎರಡೂ ಊರಿನವರು ಕೂಡಿ ಒಂದು ಮಾತಿಗೆ ಬರುವಷ್ಟರಲ್ಲಿ ಅದರ ಹಾಲು ಬತ್ತಿತ್ತು, ಬಾಗಿಲು ತೆಗೆದಾಗ ಏಳಲಾರದೆ ಮಲಗಿತ್ತು.

"ಬಿಟ್ರು" ಎಂದು ಹೇಳಿ, ಖಾಲಿ ಕೊಡ ಎತ್ತಿಕೊಂಡು ನಳದ ಕಡೆಗೆ ನಡೆದ. ಕೊಂಡವಾಡದಲ್ಲಿ ಆ ಹೊತ್ತು ಯಾವ ದನವೂ ಇರಲಿಲ್ಲ.