ಸೊಂಟದ ಮೇಲಿನ ಚುಕ್ಕೆ

ಅವಳನ್ನು ನಾನು ಮೊದಲು ಕಂಡ ದಿನ, ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಮುದುಕರೊಬ್ಬರನ್ನು ಗದರಿಸುತ್ತಿದ್ದಳು. "ತಾತ, ನೀರು ಕುಡೀರಿ ಅಂದ್ರೆ ಕೆಮ್ಮಿನ ಔಷಧಿ ಥರ ಗುಟುಕು ಗುಟುಕು ಕುಡೀತೀರಲ್ಲ!" ಮುದುಕರು ನಕ್ಕು ಲೋಟ ಬರಿದು ಮಾಡಿದರು. ಅಲ್ಲಿ ಎಲ್ಲರಿಗೂ ಅವಳು ನೀರಮ್ಮ. ಮೂಳೆಯ ಸ್ಕ್ಯಾನ್ ತೆಗೆಯುವುದು ಅವಳ ಕೆಲಸ. ಸ್ವಲ್ಪ ವಿಕಿರಣವಿರುವ ಔಷಧ ಚುಚ್ಚಿ, ಮೂರು ಗಂಟೆ ನೀರು ಕುಡಿಸಿ, ಮೂತ್ರ ಮಾಡಿಸಿ ಮಲಗಿಸಿದರೆ, ಕ್ಯಾನ್ಸರ್ ಮೂಳೆಗೆ ಹಬ್ಬಿದ ಜಾಗ ಪರದೆಯಲ್ಲಿ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಕಂಡದ್ದನ್ನು ಹೇಳುವ ಹಕ್ಕು ಡಾಕ್ಟರದು. ಇಪ್ಪತ್ತೊಂದು ವರ್ಷದಲ್ಲಿ ಅವಳು ಒಮ್ಮೆಯೂ ಬಾಯಿ ಬಿಟ್ಟವಳಲ್ಲ.

ಕಳೆದ ವರ್ಷ ಅದೇ ಮೇಜಿನ ಮೇಲೆ ಅವಳ ಒಡಹುಟ್ಟಿದ ಅಕ್ಕ ಮಲಗಿದಳು. ಎದೆಯ ಗಡ್ಡೆ ತೆಗೆಸಿ ಎರಡು ವರ್ಷವಾಗಿತ್ತು. ಈಗ ಸೊಂಟ ನೋವು. ಬೇರೆಯವರ ಪಾಳಿಗೆ ಬಿಡಬಹುದಿತ್ತು, ಬಿಡಲಿಲ್ಲ.

"ಚಿಕ್ಕವಳಿದ್ದಾಗ ಒಂದು ಗಳಿಗೆ ಸುಮ್ನೆ ಕೂತವಳಲ್ಲ. ಈಗ ನಂಗೆ ಅಲ್ಲಾಡಬೇಡ ಅಂತೀಯಲ್ಲೇ!" ಎಂದಳು ಅಕ್ಕ.

"ಬಾಯಿ ಮುಚ್ಕೊಂಡು ಮಲ್ಕೋ ಅಕ್ಕ."

ಪರದೆಯಲ್ಲಿ ತಲೆ, ಪಕ್ಕೆಲುಬು, ಬೆನ್ನೆಲುಬು ಒಂದೊಂದಾಗಿ ಮೂಡಿದವು. ಎಲ್ಲವೂ ತಿಳಿ ಬೂದು. ಬಲ ಸೊಂಟದಲ್ಲಿ ಮಾತ್ರ ಕಡಲೆಯಷ್ಟು ಕಪ್ಪು.

ತಂಗಿ ಪರದೆಯ ಹತ್ತಿರಕ್ಕೆ ಬಾಗಿದಳು. ಮರುಗಳಿಗೆಯೇ ಒಂದು ಆಸೆ ಚಿಗುರಿತು. ಔಷಧ ಮೂತ್ರದಲ್ಲಿ ಹೊರಬರುತ್ತದೆ. ಬಟ್ಟೆಗೆ ಒಂದು ಹನಿ ತಾಗಿದರೂ ಚಿತ್ರದಲ್ಲಿ ರೋಗದಂತೆಯೇ ಕಾಣುತ್ತದೆ. ಎಷ್ಟೋ ಜನರ ಚುಕ್ಕೆಯನ್ನು ಅವಳೇ ಸೋಪುನೀರಿನಲ್ಲಿ ಒರೆಸಿ ಅಳಿಸಿದ್ದುಂಟು.

"ಅಕ್ಕ, ಎದ್ದು ಬಟ್ಟೆ ಬದಲಾಯ್ಸು. ಸೊಂಟ ಒರೆಸ್ತೀನಿ."

"ಯಾಕೇ? ನಾನೇನು ಮಗುನಾ, ಒದ್ದೆ ಮಾಡ್ಕೊಳ್ಳೋಕೆ?"

"ಮಾಡ್ಕೊಂಡಿದ್ದೀನಿ ಅಂತ ಹೇಳೇ, ಒಂದ್ಸಲ!"

ಅಕ್ಕ ಎದ್ದು ಬಟ್ಟೆ ಸಡಿಲಿಸಿದಳು. ತಂಗಿ ಚರ್ಮ ಕೆಂಪಾಗುವಷ್ಟು ತಿಕ್ಕಿದಳು. "ಸಾಕು ಬಿಡೇ, ಉರಿಯುತ್ತೆ" ಎಂದ ಮೇಲೆಯೇ ಕೈ ನಿಂತದ್ದು. ಬೇರೆ ಬಟ್ಟೆ, ಬೇರೆ ಹಾಸು, ಮತ್ತೊಂದು ಚಿತ್ರ. ಚುಕ್ಕೆ ಇದ್ದಲ್ಲಿಂದ ಕದಲಲಿಲ್ಲ. ಅದು ಮೂಳೆಯೊಳಗಿತ್ತು.

ಅಕ್ಕ ತಂಗಿಯ ಮುಖವನ್ನೊಮ್ಮೆ ನೋಡಿ, "ಮೊದ್ಲು ಮೂಗು ಒರೆಸ್ಕೋ. ಹೊರಗೆ ಜನ ಕಾಯ್ತಿದ್ದಾರೆ" ಎಂದಳು.

ಅಕ್ಕ ಈಗ ತಂಗಿಯ ಮನೆಯಲ್ಲೇ ಇದ್ದಾಳೆ. ಕೋಲೂರಿಕೊಂಡು ಅಡುಗೆಮನೆಯವರೆಗೆ ಬರುತ್ತಾಳೆ. ಅಕ್ಕನ ಸ್ಕ್ಯಾನ್ ದಿನ ಅವಳು ರಜೆ ಹಾಕಿ, ಹೊರಗಿನ ಬೆಂಚಿನಲ್ಲಿ ಉಳಿದವರ ಮನೆಯವರ ನಡುವೆ ಕೂರುತ್ತಾಳೆ. ಚುಕ್ಕೆಗಳು ನಾಲ್ಕಾಗಿವೆ ಎಂಬುದು ಕಳೆದ ಸಲ ಅವಳಿಗೆ ತಿಳಿದದ್ದು, ಎಲ್ಲರಂತೆ, ಡಾಕ್ಟರ ಬಾಯಿಂದಲೇ.