ಅರ್ಧ ಮುಗಿದ ಪರೀಕ್ಷೆ

ಮೊನ್ನೆ ಬೋಪಾಲ್ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನ ಎದುರು ಮನೆಯಲ್ಲಿ ಬಡಗಿಗಳು ಹಲಗೆ ಕೊಯ್ಯುತ್ತಿದ್ದರು. ಮರದ ಹೊಟ್ಟಿನ ವಾಸನೆ ಒಳಗೆ ಬಂತು. ಹಿಂದೆ ನಾನು ಕೆಲಸ ಮಾಡುತ್ತಿದ್ದ ವಡೋದರದ ಪ್ರಯೋಗಾಲಯದಲ್ಲಿ ಇಲಿಗಳ ಪಂಜರಕ್ಕೆ ಅದನ್ನೇ ಹಾಸುತ್ತಿದ್ದೆವು. ನನ್ನ ಬಟ್ಟೆಗೂ ಅಂಟಿಕೊಂಡಿರುತ್ತಿತ್ತು. ಸಂಜೆ ಆರು ಹತ್ತಕ್ಕೆ ನಾನು ಅಲ್ಲಿನ ಮಂಜಲ್‌ಪುರದ ಮನೆಯ ಮೆಟ್ಟಿಲು ಹತ್ತಿದರೆ ಪಕ್ಕದ ಮನೆಯ ಅಕ್ಕ ಒಳಗಿನಿಂದಲೇ ಕೂಗುತ್ತಿದ್ದರು: “ಎಂತ ಸಾರ್, ಇಲಿಗಳು ಸೌಖ್ಯವಾ?”

ಉಡುಪಿ ಕಡೆಯವರು. ಗಂಡನದು ಸಣ್ಣ ಹೋಟೆಲು. ಅಕ್ಕನಿಗೆ ಮೂಳೆಗೆ ಇಳಿದ ಕ್ಯಾನ್ಸರ್... ಮಾರ್ಫಿನ್ ಗುಳಿಗೆ ನುಂಗಿದರೆ ನೋವು ಇಳಿಯುತ್ತಿತ್ತು, ಆದರೆ ಮಂಪರು. ಮಗಳು ಎದುರು ಕೂತು ಮಾತಾಡಿದ್ದೂ ತಿಳಿಯುತ್ತಿರಲಿಲ್ಲ.

ನಾವು ಆಗ ಪರೀಕ್ಷಿಸುತ್ತಿದ್ದುದು ಗಾಂಜಾದ ಅಂಶವನ್ನು ಹೋಲುವ ಸಂಯುಕ್ತಗಳನ್ನು. ಆ ಅಂಶ ಹೋಗಿ ಕೂರುವ ರಿಸೆಪ್ಟರುಗಳು ದೇಹದಲ್ಲಿ ಮುಖ್ಯವಾಗಿ ಎರಡು ಬಗೆ. ಮಿದುಳಿನಲ್ಲಿರುವುದಕ್ಕೆ ತಾಗಿದರೆ ಮಂಪರು. ಇನ್ನೊಂದಕ್ಕೆ ಮಾತ್ರ ತಾಗುವಂಥದು ಸಿಕ್ಕರೆ ಮಂಪರಿಲ್ಲದೆ ನೋವು ಇಳಿದೀತೆಂಬ ಆಸೆ. ಅಕ್ಕನಿಗೆ ವಿವರಿಸಿದ್ದೆ. “ಅಂದ್ರೆ ಶಿವರಾತ್ರಿಯ ಭಾಂಗ್, ಅಮಲು ಮಾತ್ರ ಇಲ್ಲ!” ಎಂದು ನಕ್ಕಿದ್ದರು.

ಬುಧವಾರ ಇಲಿಗಳನ್ನು ಬಿಸಿ ತಟ್ಟೆಯ ಮೇಲೆ ಬಿಟ್ಟು ನೋವು ಅಳೆಯುವ ಪರೀಕ್ಷೆ. ಮದ್ದು ಕೊಟ್ಟ ಇಲಿಗಳು ಕಾಲೆತ್ತಲು ಬಹಳ ಹೊತ್ತು ತೆಗೆದುಕೊಂಡವು. ಮಂಪರಿನ ಪರೀಕ್ಷೆ ಮರುದಿನ. ಎರಡೂ ಮುಗಿಯದೆ ಫಲಿತಾಂಶದ ಮಾತೆತ್ತಬಾರದೆಂದು ಕಿರಿಯರಿಗೆ ಕಲಿಸಿದವನು ನಾನೇ. ಆ ಸಂಜೆ ಅಕ್ಕ ಗೋಡೆ ಹಿಡಿದು ನಿಂತಿದ್ದರು. “ಇಲಿಗಳಿಗೆ ನೋವು ಇಳಿದಿದೆ ಅಕ್ಕ” ಎಂದುಬಿಟ್ಟೆ.

“ಹಾಗಾದ್ರೆ ಈ ಹಾಳು ಗುಳಿಗೆ ಸಾಕು ಮಾರಾಯ್ರೆ. ನಿಮ್ಮದು ಬರುವವರೆಗೆ ತಡ್ಕೊಳ್ತೇನೆ.”

ಮನುಷ್ಯರವರೆಗೆ ಬರಲು ವರ್ಷಗಳೇ ಬೇಕು ಎಂದೆ. ಕೇಳಿಸಿಕೊಂಡರೋ ಇಲ್ಲವೋ...

ಗುರುವಾರ ಇಲಿಗಳ ಮುಂಗಾಲುಗಳನ್ನು ಸರಳಿನ ಮೇಲೆ ಇಟ್ಟೆವು. ಎಚ್ಚರವಿರುವ ಇಲಿ ತಕ್ಷಣ ಇಳಿಯುತ್ತದೆ. ಇವು ಇಳಿಯಲಿಲ್ಲ. ಬಿಸಿ ತಟ್ಟೆಯ ಮೇಲೆ ಸುಮ್ಮನಿದ್ದುದೂ ಮಂಪರಿನಿಂದಲೇ ಇರಬೇಕು. ವರದಿಯಲ್ಲಿ ವಿಫಲ ಎಂದು ಬರೆದೆ. ಕೆಲಸ ನಿಂತಿತು. ಇಲಿಗಳನ್ನು ನಿಯಮದಂತೆ ಕೊಂದೆವು.

ಆರು ಹತ್ತಕ್ಕೆ ಅದೇ ಪ್ರಶ್ನೆ. “ಸೌಖ್ಯ ಅಕ್ಕ” ಎಂದೆ. ಮರುದಿನವೂ ಅದನ್ನೇ ಹೇಳಿದೆ. ಅವರ ಗಂಡ ಗುಳಿಗೆ ಹಿಡಿದು ಗೋಗರೆಯುವುದು ಗೋಡೆಯಾಚೆಯಿಂದ ಕೇಳುತ್ತಿತ್ತು. “ಬೇಡ, ಸಾರ್ ಮದ್ದು ತರ್ತಾರೆ” ಎಂದು ಅಕ್ಕ ನರಳುತ್ತಲೇ ಹೇಳುವುದೂ...

ಹಾಗೆ ಏಳು ವಾರ ಬದುಕಿದ್ದರು.

ಅಂಥ ಸಂಯುಕ್ತಗಳು ಇಂದಿಗೂ ಸೀಸೆಗಳಲ್ಲಿ ಸಿಗುತ್ತವೆ, ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ ಎಂಬ ಚೀಟಿಯೊಂದಿಗೆ. ಮಂಪರಿಲ್ಲದ ಮದ್ದು ಯಾವತ್ತಾದರೂ ಬರಬಹುದು; ನಾನು ಈಗ ಆ ಸುದ್ದಿ ಓದುವುದಿಲ್ಲ. ಗುರುವಾರವೇ ನಿಜ ಹೇಳಿದ್ದರೆ ಅಕ್ಕ ಗುಳಿಗೆ ನುಂಗುತ್ತಿದ್ದರು. ಮಂಪರಿನಲ್ಲಾದರೂ ನಿದ್ದೆ ಮಾಡುತ್ತಿದ್ದರು.