ಐವತ್ತೆರಡು ಮರಗಳ ಸುತ್ತಳತೆ

ಕಂಡದ್ದನ್ನು ಕಂಡಷ್ಟೇ ಹೇಳುವವಳು. ಎರವಲು ತಂದ ಪುಸ್ತಕವನ್ನು ಹೇಳಿದ ದಿನವೇ, ರಟ್ಟು ಕಿತ್ತುಹೋಗಿದ್ದರೆ ಅಂಟಿಸಿ, ಹಿಂದಿರುಗಿಸುವವಳು. ಹಿರಿಯರಿಗೆ ಎದುರಾಡದವಳು, ಆದರೆ ಒಪ್ಪದ ಮಾತಿಗೆ ತಲೆಯಾಡಿಸದವಳು. ತನ್ನನ್ನು ಕುರಿತು ಜನ ನಕ್ಕಾಗ ಎಲ್ಲರಿಗಿಂತ ಮೊದಲು ತಾನೇ ನಗುವವಳು. ಪಡೆದ ಉಪಕಾರವನ್ನು ಮರೆಯದವಳು, ಮಾಡಿದ ಉಪಕಾರವನ್ನು ನೆನಪಿಸದವಳು. ಮನೆಯಲ್ಲಿ ಅಜ್ಜಿಗೆ ಕಣ್ಣಾಗಿಯೂ ಅಪ್ಪನಿಗೆ ಬಲಗೈಯಾಗಿಯೂ ತರಗತಿಯಲ್ಲಿ ಗೆಳತಿಯರಿಗೆ ಗಡಿಯಾರವಾಗಿಯೂ ಇದ್ದವಳು. ಇಂತಹವಳೊಬ್ಬಳ ವೃತ್ತಾಂತವನ್ನು ಬರೆಯಲು ದೇವರು ನನಗೆ ಅವಕಾಶವಿತ್ತಿದ್ದಾನೆ. ಸಹಪಾಠಿಗಳು ಅವಳನ್ನು ಟೇಪಮ್ಮ ಎಂದು ಕರೆಯುತ್ತಿದ್ದರು. ಅವಳೂ ಓಗೊಡುತ್ತಿದ್ದಳು.

ಟೇಪಮ್ಮ ದರ್ಜಿಯ ಮಗಳು. ವಿಶ್ವವಿದ್ಯಾಲಯದ ಹಿಂಬಾಗಿಲಿಗೆ ಹೋಗುವ ಬೀದಿಯಲ್ಲಿ, ಔಷಧಿ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ, ಎರಡು ಹೊಲಿಗೆ ಯಂತ್ರಗಳು ಮಾತ್ರ ಹಿಡಿಸುವ ಕೋಣೆಯೊಂದು ಆ ದರ್ಜಿಯ ಅಂಗಡಿ. ಅದರ ಮೇಲೆ ಮರದ ಏಣಿ ಹತ್ತಿ ಹೋದರೆ ಮನೆ. ತಾಯಿ ಇಲ್ಲ, ಅವಳು ಐದು ವರ್ಷದ ಮಗುವಾಗಿದ್ದಾಗಲೇ ತೀರಿಕೊಂಡಿದ್ದಾರೆ. ಎಂಬತ್ತು ದಾಟಿದ ಅಜ್ಜಿ ಬಾಗಿಲ ಬೆಳಕಿನಲ್ಲಿ ಕುಳಿತು ಗುಂಡಿ ಹಾಕುತ್ತಾರೆ. ದಾರ ಪೋಣಿಸಿ ಕೊಡುವುದು ಮೊಮ್ಮಗಳ ಕೆಲಸ. ಬೆಳಿಗ್ಗೆ ತರಗತಿಗೆ ಹೋಗುವ ಮುನ್ನ ಹನ್ನೆರಡು ಸೂಜಿಗಳಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗುತ್ತಿದ್ದಳು. ಹದಿಮೂರನೆಯದು ಬೇಕಾದ ದಿನ ಅಜ್ಜಿ ಬೀದಿಯಲ್ಲಿ ಹೋಗುವ ಯಾವ ವಿದ್ಯಾರ್ಥಿಯನ್ನಾದರೂ ಕರೆದು ನಿಲ್ಲಿಸಿಕೊಳ್ಳುತ್ತಿದ್ದರು.

ಅವಳು ಓದುತ್ತಿದ್ದದ್ದು ಸಸ್ಯಶಾಸ್ತ್ರ, ಸ್ನಾತಕೋತ್ತರ ಪದವಿಗೆ. ಅದರ ಜೊತೆಗೆ ಭಾಷೆಯ ತರಗತಿಯೂ ಒಂದಿತ್ತು. ಅಲ್ಲಿ ವಾರಕ್ಕೊಂದು ಪುಟ, ತಮ್ಮ ದಿನಗಳನ್ನೂ ಆಸಕ್ತಿಗಳನ್ನೂ ಕುರಿತು ಬರೆದುಕೊಡಬೇಕು. ಆ ಪುಟಗಳನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬಹುಪಾಲು ಮಂದಿ ಕ್ರಿಕೆಟ್ಟನ್ನೂ ಸಿನಿಮಾವನ್ನೂ ಬರೆದು ಪುಟ ತುಂಬಿಸುತ್ತಿದ್ದಾಗ ಇವಳು ಹೀಗೆ ಬರೆದಿದ್ದಳು:

"ನಮ್ಮ ಬೀದಿಯಲ್ಲಿ ಐವತ್ತೆರಡು ಮರಗಳಿವೆ. ದಿನಕ್ಕೆ ಎರಡು ಸಲ ಇವುಗಳ ಕೆಳಗೆ ನಡೆಯುತ್ತೇನೆ. ಹತ್ತೊಂಬತ್ತನೆಯ ಮರಕ್ಕೆ ಯಾರೋ ಸೈಕಲ್ಲಿನ ಸರಪಳಿ ಕಟ್ಟಿ ಮರೆತಿದ್ದಾರೆ. ಮರ ಅದನ್ನು ಅರ್ಧ ನುಂಗಿದೆ. ಬಸ್ಸು ಬರುವುದು ತಡವಾದರೆ ಜನ ಮೂವತ್ತನೆಯ ಮರಕ್ಕೇ ಒರಗುತ್ತಾರೆ, ಇಪ್ಪತ್ತೊಂಬತ್ತಕ್ಕೆ ಒರಗುವುದಿಲ್ಲ. ಏಕೆ ಎಂದು ಎರಡು ತಿಂಗಳಿಂದ ನೋಡುತ್ತಿದ್ದೇನೆ. ಇನ್ನೂ ತಿಳಿದಿಲ್ಲ. ತಿಳಿಯದಿರುವುದೂ ಒಂದು ಸುಖ, ನಾಳೆಯೂ ನೋಡಲು ಏನೋ ಉಳಿದಿರುತ್ತದೆ."

ಆ ಪುಟದಲ್ಲಿ ತಿದ್ದುವುದಕ್ಕೆ ನನಗೇನೂ ಸಿಗಲಿಲ್ಲ.

ಇದೇ ಮರಗಳು ಅವಳ ಪ್ರಬಂಧದ ವಿಷಯವಾದವು. ಓದಿಗೆ ಸೇರಿದ ತಿಂಗಳಲ್ಲೇ ಅಷ್ಟೂ ಮರಗಳಿಗೆ ಎದೆಮಟ್ಟದಲ್ಲಿ ಬಿಳಿಯ ಚುಕ್ಕಿಯಿಟ್ಟು, ಅಪ್ಪನ ಬಟ್ಟೆಯ ಟೇಪನ್ನು ಸುತ್ತಿ, ಸುತ್ತಳತೆಯನ್ನು ಬರೆದುಕೊಂಡಳು. ವರ್ಷ ಕಳೆದ ಮೇಲೆ ಮತ್ತೊಮ್ಮೆ ಅಳೆದಳು. ಮರವೊಂದಕ್ಕೆ ಸರಾಸರಿ ಒಂದೂಕಾಲು ಅಂಗುಲ ಬೆಳವಣಿಗೆ. ಅನಂತರ ನಗರಸಭೆಯವರು ಬಂದು ಕಾಲುದಾರಿಗೆ ಸಿಮೆಂಟಿನ ಚೌಕ ಕಲ್ಲುಗಳನ್ನು ಹಾಸಿದರು. ಬುಡದ ಮಣ್ಣು ಅಂಗೈಯಗಲವೂ ಉಳಿಯಲಿಲ್ಲ. ಎರಡನೆಯ ವರ್ಷದ ಕೊನೆಗೆ ಮೂರನೆಯ ಸಲ ಅಳೆದಾಗ ಬೆಳವಣಿಗೆ ಕಾಲು ಅಂಗುಲಕ್ಕೆ ಇಳಿದಿತ್ತು. ಮರಗಳಿಗೆ ಉಸಿರು ಕಟ್ಟಿದೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಅವಳ ಮಾರ್ಗದರ್ಶಕಿಯಾದ ಪ್ರಾಧ್ಯಾಪಕಿ ಹಿಗ್ಗಿದರು. ವಿಭಾಗದಲ್ಲಿ ಆ ವರ್ಷ ಸಂಶೋಧನೆಗೆ ಒಂದೇ ಸ್ಥಾನವಿತ್ತು. ಹೊರಗಿನ ಪರೀಕ್ಷಕರ ಮುಂದೆ ಪ್ರಬಂಧ ಮಂಡಿಸಿದವರಲ್ಲಿ ಒಬ್ಬರಿಗೆ ಅದು ಸಿಗಬೇಕು. ಅದು ಟೇಪಮ್ಮನಿಗೇ ಎಂದು ವಿಭಾಗದ ಜವಾನನಿಂದ ಹಿಡಿದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ಅಪ್ಪನಂತೂ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ "ಮಗಳು ಮರಕ್ಕೆ ಡಾಕ್ಟರಾಗ್ತಾಳೆ" ಎಂದು ಹೇಳಿ ಮುಗಿಸಿದ್ದ.

ಮಂಡನೆಗೆ ಮೂರು ದಿನ ಉಳಿದಿತ್ತು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬಸ್ಸಿನ ಕಂಡಕ್ಟರನೊಬ್ಬ ಕಾಗದದಲ್ಲಿ ಸುತ್ತಿದ ಹೊಸ ಪ್ಯಾಂಟನ್ನು ತಂದು ಅಂಗಡಿಯ ಮೇಜಿನ ಮೇಲಿಟ್ಟ.

"ಮಾಸ್ಟ್ರೇ, ಇದನ್ನ ಹಾಕ್ಕೊಂಡ್ರೆ ಉಸಿರು ಹಿಡ್ಕೊಂಡೇ ಟಿಕೆಟ್ ಕೊಡಬೇಕು. ಬಿಟ್ರೆ ಗುಂಡಿ ಹಾರಿ ಡ್ರೈವರ್ ತಲೆಗೆ ಬೀಳುತ್ತೆ."

"ಮನೆಯೂಟ ಜಾಸ್ತಿಯಾಯ್ತೇನೋ ನೋಡ್ಕೊಳ್ಳಿ."

"ಹತ್ತು ವರ್ಷದಿಂದ ಮೂವತ್ತನಾಲ್ಕೇ ನನ್ನ ಸೊಂಟ. ನನ್ನ ಹೆಂಡತಿ ಬೇಕಾದ್ರೆ ಬರೆದುಕೊಡ್ತಾಳೆ."

ದರ್ಜಿ ಅಳತೆಯ ಪುಸ್ತಕ ತೆಗೆದು ನೋಡಿದ. ಸೊಂಟ ಮೂವತ್ತಮೂರು ಎಂದಿತ್ತು. ಅಕ್ಷರ ಮಗಳದು, ತಾನು ದಾರ ತರಲು ಹೋಗಿದ್ದಾಗ ಅವಳೇ ಅಳೆದು ಬರೆದಿದ್ದಳು.

"ಯಾವ ಟೇಪಲ್ಲಿ ಅಳೆದೆ ಮಗಾ?" ಎಂದು ಪಕ್ಕದ ಯಂತ್ರದ ಬಳಿ ನಿಂತಿದ್ದ ಮಗಳನ್ನು ಕೇಳಿದ.

"ನಿನ್ನ ಕೊರಳಲ್ಲಿ ಇದೆಯಲ್ಲ, ಅದರಲ್ಲೇ. ಮೂವತ್ತನಾಲ್ಕು ತೋರಿಸ್ತು, ಒಂದು ಕಳೆದು ಬರೆದೆ."

"ಇದರಲ್ಲಿ ಯಾಕಮ್ಮ ಕಳೆದೆ? ಇದು ಹೊಸದು."

ಇಲ್ಲಿ ಆ ಮನೆಯ ಒಂದು ರೂಢಿಯನ್ನು ಹೇಳಬೇಕು. ದರ್ಜಿಯ ಹಳೆಯ ಟೇಪಿನ ತುದಿಯ ಹಿತ್ತಾಳೆ ಬಿದ್ದುಹೋಗಿ ಮೊದಲ ಅಂಗುಲ ಎಳೆಎಳೆಯಾಗಿತ್ತು. ಅದನ್ನು ಅವನು ಕತ್ತರಿಸಿ ಎಸೆದಿದ್ದ. ಟೇಪು ಒಂದರಿಂದಲೇ ಆರಂಭವಾಗುತ್ತಿದ್ದುದರಿಂದ, ಓದಿದ ಅಂಕೆಯಲ್ಲಿ ಒಂದನ್ನು ಕಳೆದು ಬರೆಯುವುದು ಆ ಅಂಗಡಿಯ ಪಾಠ. ಮಗಳು ಏಳನೆಯ ವಯಸ್ಸಿನಿಂದ ಹಾಗೆಯೇ ಅಳೆದವಳು. ಉಸಿರಾಟದಷ್ಟೇ ಸಹಜವಾಗಿ ಒಂದನ್ನು ಕಳೆಯುತ್ತಿದ್ದಳು. ಈಚೆಗೆ ಎರಡು ತಿಂಗಳ ಹಿಂದೆ ಹಳೆಯದು ನಡುವೆಯೇ ಹರಿಯಲಾಗಿ ದರ್ಜಿ ಹೊಸ ಟೇಪು ಕೊಂಡಿದ್ದ. ಮರಗಳನ್ನು ಮೂರನೆಯ ಸಲ ಅವಳು ಅಳೆದದ್ದು ಕಳೆದ ತಿಂಗಳು.

ಹುಡುಗಿ ಸ್ಟೂಲಿನ ಮೇಲೆ ಕುಳಿತುಬಿಟ್ಟಳು.

"ಅದಕ್ಯಾಕೆ ಮುಖ ಸಣ್ಣಗೆ ಮಾಡ್ಕೋತೀಯ?" ಎಂದ ಅಪ್ಪ. "ಒಳಗೆ ಬಟ್ಟೆ ಬಿಟ್ಟಿದ್ದೀನಿ, ಬಿಚ್ಚಿ ಹೊಲಿದ್ರಾಯ್ತು."

"ಪ್ಯಾಂಟಿನ ಮಾತಲ್ಲಪ್ಪ. ಮರ ಅಳೆದದ್ದೂ ಇದರಲ್ಲೇ."

ಅಪ್ಪನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಪ್ರತಿಯೊಂದು ಮರಕ್ಕೂ ಅವಳು ಒಂದೊಂದು ಅಂಗುಲ ಕಡಿಮೆ ಬರೆದಿದ್ದರೆ, ಮರಗಳ ಬೆಳವಣಿಗೆ ನಿಂತೇ ಇಲ್ಲ. ನಿಂತಿಲ್ಲವಾದರೆ ಪ್ರಬಂಧವೂ ಇಲ್ಲ, ಸ್ಥಾನವೂ ಇಲ್ಲ.

"ಹೊಸದು ತಂದಾಗ ನಿನಗೆ ಹೇಳಿದ್ದೆನಲ್ಲ?"

"ನನಗೆ ಹೇಳಿದ್ದೆ. ನನ್ನ ಕೈಗೆ ಯಾರೂ ಹೇಳಲಿಲ್ಲ."

ದರ್ಜಿ ಕಂಡಕ್ಟರನನ್ನು ಸಂಜೆಗೆ ಬರಹೇಳಿ ಕಳುಹಿಸಿದ. ಮಗಳ ಎದುರಿಗೆ ಕುಳಿತು, ಕೊರಳಿನ ಟೇಪನ್ನು ತೆಗೆದು ಸುರುಳಿ ಸುತ್ತುತ್ತ, ಮೆಲ್ಲಗೆ ಕೇಳಿದ: "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಸುಮ್ಮನಿದ್ರೆ ಯಾರಿಗಾದ್ರೂ ನಷ್ಟ ಇದೆಯಾ? ಯಾರು ಬಂದು ಮತ್ತೆ ಅಳೀತಾರೆ?"

ತಂದೆಯ ಬಾಯಲ್ಲಿ ಆ ಮಾತು ಬಂದದ್ದನ್ನು ನಾನು ದೋಷವೆಂದು ಎಣಿಸಲಾರೆ. ಹದಿನೆಂಟು ವರ್ಷ ಒಬ್ಬನೇ ಸಾಕಿದ ಮಗಳು ಬಾಗಿಲವರೆಗೆ ಹೋಗಿ ಹಿಂದಿರುಗುವುದನ್ನು ನೋಡಲಾರದ ವಾತ್ಸಲ್ಯ ಅದು. ಉತ್ತರ ಬಂದದ್ದು ಬಾಗಿಲ ಬಳಿಯ ಅಜ್ಜಿಯಿಂದ. ಅವರು ಗುಂಡಿಯಿಂದ ತಲೆ ಎತ್ತಲಿಲ್ಲ.

"ಹಾಗಾದ್ರೆ ಆ ಕಂಡಕ್ಟರಿಗೂ ಹೇಳಿಬಿಡಪ್ಪ, ಉಸಿರು ಹಿಡ್ಕೊಂಡೇ ಓಡಾಡ್ತಿರು, ಯಾರಿಗೂ ನಷ್ಟ ಇಲ್ಲ ಅಂತ."

ದರ್ಜಿ ನಕ್ಕ. ಮಗಳೂ ನಕ್ಕಳು, ಕಣ್ಣು ಒರೆಸಿಕೊಳ್ಳುತ್ತಲೇ. ಮರುದಿನ ಬೆಳಿಗ್ಗೆ, ಕೆಲಸದ ದಿನವಾದರೂ, ಅಂಗಡಿಗೆ ಬೀಗ ಬಿತ್ತು.

ವಿಭಾಗದಿಂದ ಉಕ್ಕಿನ ಅಳತೆಪಟ್ಟಿಯನ್ನು ತಂದು, ಅದಕ್ಕೆ ಹೊಸ ಟೇಪನ್ನು ಹೊಂದಿಸಿ ನೋಡಿ, ತಂದೆ ಮಗಳು ಮೊದಲನೆಯ ಮರದಿಂದ ಹೊರಟರು. ಅಪ್ಪ ಓದುವುದು, ಮಗಳು ಗಟ್ಟಿಯಾಗಿ ಅದನ್ನೇ ಹೇಳಿ ಬರೆಯುವುದು. ಬರೆದ ಮೇಲೆ ಅಪ್ಪ ಇನ್ನೊಮ್ಮೆ ಓದುವುದು. ಮೂವತ್ತು ವರ್ಷ ಮನುಷ್ಯರ ಎದೆಯನ್ನೇ ಅಳೆದ ಕೈ ಮರದ ತೊಗಟೆಗೆ ಬೇಗ ಹೊಂದಿಕೊಂಡಿತು. "ಇವರಿಗೆ ಹೊಟ್ಟೆ ಸ್ವಲ್ಪ ಮುಂದೆ," ಎನ್ನುತ್ತಿದ್ದ. "ಇವರ ಭುಜ ಒಂದು ಇಳಿದಿದೆ, ಪ್ಯಾಡು ಇಡಬೇಕು." ಔಷಧಿ ಅಂಗಡಿಯವನು ಹೊರಗೆ ಬಂದು, "ಏನ್ ಮಾಸ್ಟ್ರೇ, ಮರಕ್ಕೂ ಸಫಾರಿ ಹೊಲೀತೀರಾ?" ಎಂದು ಕೇಳಿದರೆ, "ಬಟ್ಟೆ ಅವರೇ ತರಬೇಕು" ಎಂದ.

ಮಧ್ಯಾಹ್ನ ಮೂರಕ್ಕೆ ಐವತ್ತೆರಡೂ ಮುಗಿದವು. ಬೆಳವಣಿಗೆ ಸರಾಸರಿ ಒಂದೂಕಾಲು ಅಂಗುಲ. ಮರಗಳಿಗೆ ಏನೂ ಆಗಿರಲಿಲ್ಲ.

ಅಲ್ಲಿಂದ ಅವಳು ನೇರವಾಗಿ ಪ್ರಾಧ್ಯಾಪಕಿಯ ಕೋಣೆಗೆ ಹೋದಳು. ಅವರು ಹಳೆಯ ಹೊಸ ಅಳತೆಗಳ ಎರಡು ಪಟ್ಟಿಗಳನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು.

"ಸೀಟು ಕೈ ಬಿಡುತ್ತೆ. ಗೊತ್ತು ತಾನೇ?"

"ಗೊತ್ತು ಮೇಡಂ."

"ಜ್ವರ ಅಂತ ಒಂದು ಅರ್ಜಿ ಬರೆದುಕೊಡು. ಮುಂದಿನ ತಿಂಗಳು ಮಂಡಿಸು. ಅಷ್ಟರಲ್ಲಿ ಬೇರೆ ಏನಾದ್ರೂ ಸೇರಿಸೋಣ."

"ಜ್ವರ ಬಂದಿಲ್ಲ ಮೇಡಂ."

ಪ್ರಾಧ್ಯಾಪಕಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅನಂತರ, "ನನ್ನ ತಪ್ಪೂ ಇದೆ. ಯಾವುದರಲ್ಲಿ ಅಳೆದೆ ಅಂತ ಎರಡು ವರ್ಷದಲ್ಲಿ ಒಂದು ಸಲಾನೂ ಕೇಳಲಿಲ್ಲ. ಅದನ್ನೂ ಹೇಳು," ಎಂದರು.

ಮಂಡನೆಯ ದಿನ ನಾನೂ ಹಿಂದಿನ ಸಾಲಿನಲ್ಲಿದ್ದೆ. ಅವಳು ತಪ್ಪು ಪಟ್ಟಿಯನ್ನು ಮೊದಲು ತೋರಿಸಿದಳು, ಸರಿಯಾದುದನ್ನು ಆಮೇಲೆ. ನಡುವೆ ಟೇಪಿನ ಕಥೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು. ಮಾರ್ಗದರ್ಶಕಿಯ ಪಾಲನ್ನು ಮಾತ್ರ ಹೇಳದೆ ಬಿಟ್ಟಳು. ಅದನ್ನು ಪ್ರಾಧ್ಯಾಪಕಿಯೇ ಎದ್ದು ನಿಂತು ಹೇಳಬೇಕಾಯಿತು. ಸಭೆ ನಕ್ಕಿತು. ಹೊರಗಿನಿಂದ ಬಂದ ಪರೀಕ್ಷಕರು ನಗಲಿಲ್ಲ.

"ಹಾಗಾದ್ರೆ ಕೊನೆಗೆ ನೀವು ಕಂಡುಹಿಡಿದದ್ದೇನು?"

"ಕಲ್ಲು ಹಾಸಿದ ಮೊದಲ ವರ್ಷದಲ್ಲಿ ಈ ಮರಗಳ ಬೆಳವಣಿಗೆ ನಿಂತಿಲ್ಲ ಸರ್. ಮುಂದೆ ನಿಲ್ಲುತ್ತೋ ಇಲ್ಲವೋ ಗೊತ್ತಿಲ್ಲ."

"ಇಷ್ಟು ಹೇಳೋಕೆ ಎರಡು ವರ್ಷ ಬೇಕಾಯ್ತೇನಮ್ಮ?"

"ಹೌದು ಸರ್. ಇನ್ನೂ ಬೇಕು."

ಸಂಶೋಧನೆಯ ಸ್ಥಾನ ಕೆರೆಯ ಕಳೆಯನ್ನು ಕುರಿತು ಬರೆದ ಹುಡುಗನಿಗೆ ಸಿಕ್ಕಿತು. ಅವನದೂ ಒಳ್ಳೆಯ ಕೆಲಸವೇ, ಅದರಲ್ಲಿ ಅನ್ಯಾಯವೇನೂ ಇಲ್ಲ. ಅವನನ್ನು ಮೊದಲು ಅಭಿನಂದಿಸಿದವಳು ಇವಳೇ. ಪ್ರಬಂಧ ಸಾಧಾರಣ ಅಂಕಗಳೊಡನೆ ತೇರ್ಗಡೆಯಾಯಿತು. ಆ ವಾರದ ಪುಟ ಬರೆದುಕೊಡಬೇಕಾದ ಹಂಗು ಅವಳಿಗಿರಲಿಲ್ಲ, ತರಗತಿಗಳು ಮುಗಿದಿದ್ದವು. ಆದರೂ ತಂದುಕೊಟ್ಟಳು. ಅವಳ ಅನುಮತಿಯಿಂದ ಇಲ್ಲಿ ಬರೆಯುತ್ತಿದ್ದೇನೆ:

"ಮರಗಳು ಚೆನ್ನಾಗಿವೆ ಎಂದು ತಿಳಿದಾಗ ನನಗೆ ಅಳು ಬಂತು. ನಲವತ್ತೊಂದನೆಯ ಮರದ ಹತ್ತಿರ, ಲೆಕ್ಕ ಯಾವ ಕಡೆಗೆ ಹೋಗುತ್ತಿದೆ ಎಂದು ಗೊತ್ತಾದ ಮೇಲೆ, ಒಂದಾದರೂ ಬಡಕಲಾಗಿರಲಿ ಎಂದು ಮನಸ್ಸು ಬೇಡುತ್ತಿತ್ತು. ಆಗ ಭಯವಾಯಿತು. ದಿನಕ್ಕೆ ಎರಡು ಸಲ ಇವುಗಳ ನೆರಳಿನಲ್ಲಿ ನಡೆದವಳು ನಾನು. ಇವು ಕೊರಗಲಿ ಎಂದು ಒಂದು ತಿಂಗಳು ಒಳಗೊಳಗೇ ಹಾರೈಸಿದ್ದೇನೆ, ಅದೂ ಇವುಗಳ ಪರವಾಗಿ ಮಾತನಾಡುತ್ತಿದ್ದೇನೆ ಎಂಬ ಹೆಮ್ಮೆಯಲ್ಲಿ. ಟೇಪಿನ ತಪ್ಪನ್ನು ಅಪ್ಪ ಹಿಡಿದ. ಈ ತಪ್ಪನ್ನು ಹಿಡಿಯುವವರು ಯಾರೂ ಇಲ್ಲ, ನಾನೇ ನೋಡಿಕೊಳ್ಳಬೇಕು."

ಶಾಸ್ತ್ರಗಳನ್ನು ಓದುತ್ತ ತಲೆ ನರೆತ ನಾನು ಈ ಪುಟವನ್ನು ಮೂರು ಸಲ ಓದಿದೆ. ತನ್ನ ಕಣ್ಣನ್ನು ತಾನೇ ಹೀಗೆ ಪರೀಕ್ಷಿಸಿಕೊಳ್ಳುವುದು ಹಿರಿಯ ಸಾಧಕರಿಗೂ ಸುಲಭವಲ್ಲ. ಇಪ್ಪತ್ತಮೂರು ವರ್ಷದ ಹುಡುಗಿ ಅದನ್ನು ಒಂದು ಹಾಳೆಯಲ್ಲಿ ಮುಗಿಸಿ ಸೂಜಿಗೆ ದಾರ ಪೋಣಿಸಲು ಹೋಗಿದ್ದಳು.

ಇದಾಗಿ ಒಂದು ವರ್ಷವಾಯಿತು. ಈಗ ಅವಳು ವಿಭಾಗದಲ್ಲಿ ಒಣಗಿಸಿದ ಎಲೆಗಳಿಗೆ ಚೀಟಿ ಅಂಟಿಸುವ ತಾತ್ಕಾಲಿಕ ಕೆಲಸದಲ್ಲಿದ್ದಾಳೆ. ಕಳೆದ ತಿಂಗಳು ಮರಗಳನ್ನು ಮೂರನೆಯ ವರ್ಷದ ಲೆಕ್ಕಕ್ಕೆಂದು ಅಳೆದಳು. ಬೆಳವಣಿಗೆ ಒಂದು ಅಂಗುಲಕ್ಕೆ ಇಳಿದಿದೆಯಂತೆ. ಇದರ ಅರ್ಥವೇನೆಂದು ಕೇಳಿದೆ.

"ಕಲ್ಲಿನಿಂದ ಇರಬಹುದು, ಈ ವರ್ಷದ ಬಿಸಿಲಿನಿಂದ ಇರಬಹುದು. ಈಗಲೇ ಬಾಯಿ ಬಿಡಲ್ಲ ಸರ್," ಎಂದಳು.

ಸಂಶೋಧನೆಯ ಸ್ಥಾನಕ್ಕೆ ಮತ್ತೆ ಅರ್ಜಿ ಹಾಕಿದ್ದಾಳೆ. ಆಯ್ಕೆಯ ಪಟ್ಟಿ ಇನ್ನೂ ಹೊರಬಿದ್ದಿಲ್ಲ. ಅಪ್ಪ ಈ ಸಲ ಗಿರಾಕಿಗಳಿಗೆ ಏನನ್ನೂ ಹೇಳಿಲ್ಲ.

ಪಟ್ಟಿಯಲ್ಲಿ ಏನೇ ಬರಲಿ, ಸತ್ಯವನ್ನು ಮೆಚ್ಚುವ ದೇವರು ಈ ಮಗುವನ್ನು ಕೈಬಿಡದಿರಲಿ. ಅವಳ ಓದು ಬೆಳೆಯಲಿ, ಅನುಮಾನವೂ ಜೊತೆಗಿರಲಿ. ಆ ತಂದೆಯ ಬೆನ್ನಿಗೆ ನೋವು ಬಾರದಿರಲಿ, ಅಂಗಡಿಯ ಬಾಗಿಲಿಗೆ ಒಳ್ಳೆಯ ಜನ ಬರುತ್ತಿರಲಿ. ಆ ಹಿರಿಯ ಜೀವಕ್ಕೆ ಬಾಗಿಲ ಬೆಳಕೂ ನಾಲಗೆಯ ಮೊನಚೂ ನೂರು ತುಂಬುವವರೆಗೆ ಉಳಿಯಲಿ. ಮೂವರೂ ಒಟ್ಟಿಗೆ ಕುಳಿತು ಉಣ್ಣುವ ಸುಖ ಆ ಏಣಿಯ ಮೇಲಿನ ಮನೆಗೆ ಬಹುಕಾಲ ಇರಲಿ.